ಜೀಪಿನವರು ಕೈ ಎತ್ತುವ ದಾರಿ

ಶುಕ್ರವಾರ ಸಂಜೆ ಆರಕ್ಕೆ ವಾಷಿಂಗ್ಟನ್ನಿನ ಬಸ್ ನಿಲ್ದಾಣದಿಂದ ಹೊರಟಾಗ ನಮ್ಮಿಬ್ಬರ ಬಳಿ ಇದ್ದದ್ದು ಒಂದು ಕೈಚೀಲ, ಹನ್ನೆರಡು ಚಪಾತಿ, ಒಂದು ಬಾಟಲಿ ನಿಂಬೆ ಉಪ್ಪಿನಕಾಯಿ, ಮತ್ತು ನಂಜುಂಡನ ಷರ್ಟಿನ ಒಳಜೇಬಿನಲ್ಲಿ ಪಿನ್ನು ಹಾಕಿ ಭದ್ರ ಮಾಡಿದ ಎರಡು ಸಾವಿರ ಡಾಲರ್. ಅಟ್ಲಾಂಟಾಕ್ಕೆ ಒಬ್ಬರಿಗೆ ಐವತ್ತೊಂಬತ್ತು ಡಾಲರ್ ಟಿಕೆಟ್, ಹದಿನೈದು ಗಂಟೆಯ ದಾರಿ. ತೊಂಬತ್ತರ ದಶಕದ ನಡುವಿನ ಮಾತು ಇದು. ಜೇಬಿನಲ್ಲಿ ಫೋನು ಇಟ್ಟುಕೊಂಡು ಓಡಾಡುವ ಕಾಲ ಇನ್ನೂ ಬಂದಿರಲಿಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ದಾರಿಯಲ್ಲಿ ತಡವಾದರೆ ಕಾಯುವವರಿಗೆ ತಿಳಿಸುವ ಉಪಾಯ ಯಾವುದೂ ಇರಲಿಲ್ಲ.

ನಾವು ಹೋಗುತ್ತಿದ್ದದ್ದು ಒಂದು ಹಳೆಯ ಜೀಪು ಕೊಳ್ಳಲು. ನಾನು ಆಗ ವಾಷಿಂಗ್ಟನ್ ಹತ್ತಿರದ ಹರ್ನ್‌ಡನ್‌ನಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದೆ. ತೊಗರಿಬೇಳೆ, ಹುಣಿಸೆಹಣ್ಣು ಮಾರುವುದರ ಜೊತೆಗೆ ನನಗೆ ಇನ್ನೊಂದು ಹೆಸರಿತ್ತು. ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗರಿಗೆ ಚೌಕಾಸಿ ಮಾಡಿ ಹಳೆ ಕಾರು ಕೊಡಿಸುವ ಅಂಕಲ್ ಎಂದರೆ ನಾನೇ. ಕಲಾಸಿಪಾಳ್ಯದಲ್ಲಿ ಹದಿನಾರನೇ ವಯಸ್ಸಿಗೆ ಹಳೆ ಟೈರು ಮಾರಲು ನಿಂತವನು ನಾನು. ಮಾರುವವನು ಎಷ್ಟಕ್ಕೆ ಇಳಿಯುತ್ತಾನೆ ಎನ್ನುವುದು ಅವನು ಬಾಗಿಲು ತೆಗೆಯುವ ರೀತಿಯಲ್ಲೇ ನನಗೆ ಗೊತ್ತಾಗುತ್ತಿತ್ತು.

ನಂಜುಂಡ ಜರ್ಮನ್‌ಟೌನ್‌ನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ. ಊರು ಹುಣಸೂರು. ಅವನ ಅಪ್ಪ ಹುಣಸೂರು ಮೈಸೂರು ನಡುವೆ ಸರ್ವಿಸ್ ಜೀಪು ಓಡಿಸುತ್ತಿದ್ದವರು. ನಂಜುಂಡನ ಕಾರು ಹಿಂದಿನ ವಾರ ಪೂರ್ತಿ ಕೈಕೊಟ್ಟಿತ್ತು. ಭಾನುವಾರ ಮಧ್ಯಾಹ್ನ ಎರಡೂವರೆಗೆ ಅವನ ಹೆಂಡತಿ ಭಾಗ್ಯ ಮತ್ತು ಮಗಳು ಪಲ್ಲವಿ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಇಳಿಯುವವರಿದ್ದರು. ಅವನು ಊರು ಬಿಟ್ಟಾಗ ಮಗುವಿಗೆ ಐದು ತಿಂಗಳು. ಈಗ ಮೂರೂವರೆ ವರ್ಷ. ಅದು ಅಪ್ಪನನ್ನು ಕಂಡದ್ದು ಫೋಟೋದಲ್ಲಿ ಮಾತ್ರ. ಫೋನಿನಲ್ಲಿ ಕರೆದರೆ ರಿಸೀವರ್ ಕಿವಿಗಿಟ್ಟುಕೊಂಡು ಉಸಿರಾಡುತ್ತಿತ್ತಂತೆ, ಮಾತಾಡುತ್ತಿರಲಿಲ್ಲ. ನಿಮಿಷಕ್ಕೆ ಇಷ್ಟು ಎಂದು ದುಡ್ಡು ಕೊಟ್ಟು ಆ ಉಸಿರು ಕೇಳುತ್ತಿದ್ದ ನಂಜುಂಡ.

"ಬಾಗ್ಲು ತೆಗುದ್ ತಕ್ಷಣ ನನ್ ಮುಖ ಕಾಣ್ಬೇಕು ಅಣ್ಣ," ಎಂದು ಅವನು ಬಸ್ಸಿನಲ್ಲಿ ಮೂರು ಸಲ ಹೇಳಿದ. "ಅವ್ಳು ಹುಡುಕೋ ಹಂಗೆ ಆಗ್ಬಾರ್ದು."

"ಆಗಲ್ಲ ಕಣೋ. ಶನಿವಾರ ಮಧ್ಯಾಹ್ನ ಗಾಡಿ ಈಚೆ ತೆಗೀತೀವಿ. ರಾತ್ರಿ ಅರ್ಧ ದಾರೀಲಿ, ಗ್ರೀನ್ಸ್‌ಬರೋಲಿ ಮಲಗ್ತೀವಿ. ಭಾನುವಾರ ಹನ್ನೆರಡಕ್ಕೆ ನನ್ನ ಮನೇಲಿ ಸ್ನಾನ ಮಾಡಿ, ಎರಡು ಗಂಟೆಗೆ ಏರ್‌ಪೋರ್ಟಲ್ಲಿ ನಿಂತಿರ್ತೀಯ," ಎಂದೆ.

ಯಾರದಾದರೂ ಕಾರು ಕೇಳಿ ಪಡೆಯಬಹುದಿತ್ತು. ಆದರೆ ಅಟ್ಲಾಂಟಾದ ಗೆಳೆಯರೊಬ್ಬರು ಅಲ್ಲಿನ ಪತ್ರಿಕೆಯಲ್ಲಿ ಬಂದ ಜಾಹೀರಾತನ್ನು ಫೋನಿನಲ್ಲಿ ಓದಿ ಹೇಳಿದ್ದರು: ನಾಲ್ಕು ಸೀಟಿನ ಹಳೆಯ ಜೀಪು, ಸ್ಟೀರಿಂಗ್ ಬಲಗಡೆ. ನಂಜುಂಡನಿಗೆ ಅಷ್ಟು ಸಾಕಾಯಿತು. "ಬಲಗಡೆ ಸ್ಟೀರಿಂಗನ್ನು ಅಮೆರಿಕದವರು ಯಾರೂ ಮುಟ್ಟುವುದಿಲ್ಲ, ಅಗ್ಗಕ್ಕೆ ಸಿಗುತ್ತದೆ, ಈ ವಾರವೇ ಹೋಗೋಣ" ಎಂದು ಅವನನ್ನು ಹೊರಡಿಸಿದವನು ನಾನು. ಮುಂದೆ ಆದದ್ದಕ್ಕೆಲ್ಲ ಅವನನ್ನು ಯಾರೂ ದೂರಬಾರದು ಎಂದು ಇದನ್ನು ಮೊದಲೇ ಬರೆದುಬಿಡುತ್ತೇನೆ.

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಅಟ್ಲಾಂಟಾ. ಆಗಸ್ಟ್ ಕೊನೆಯ ಬಿಸಿಲು, ಬಸ್ಸಿನಿಂದ ಇಳಿದ ಕೂಡಲೇ ಷರ್ಟು ಬೆನ್ನಿಗೆ ಅಂಟಿತು. ಊರಿನ ರೈಲು ಹಿಡಿದು ಡಿಕೇಟರ್‌ಗೆ ಹೋಗಿ, ಅಲ್ಲಿಂದ ಅರ್ಧ ಗಂಟೆ ನಡೆದೆವು. ಮಾರುವವರ ಹೆಸರು ಕಾರ್ಲ್. ಎಪ್ಪತ್ತು ದಾಟಿದವರು. ಹಳ್ಳಿಗಾಡಿನಲ್ಲಿ ಇಪ್ಪತ್ತು ವರ್ಷ ಅಂಚೆ ಹಂಚಿದವರು. ರಸ್ತೆಯ ಬಲ ಅಂಚಿನಲ್ಲಿರುವ ಟಪ್ಪಾಲು ಪೆಟ್ಟಿಗೆಗೆ ಕೂತಲ್ಲಿಂದಲೇ ಕೈ ಎಟಕಲಿ ಎಂದು ಸ್ಟೀರಿಂಗ್ ಬಲಗಡೆ ಇರುವ ಜೀಪು ಇಟ್ಟಿದ್ದರು. ಕೆಲಸ ಬಿಟ್ಟ ಮೇಲೆ ಮೊಮ್ಮಕ್ಕಳಿಗಾಗಿ ಹಿಂದೆ ಸೀಟು, ಬೆಲ್ಟು ಹಾಕಿಸಿದ್ದರು. ಹಸಿರು ಬಣ್ಣ, ಕ್ಯಾನ್ವಾಸಿನ ಮೇಲುಹೊದಿಕೆ, ಹಿಂದೆ ಪ್ಲಾಸ್ಟಿಕ್ಕಿನ ಕಿಟಕಿ, ಬದಿಗೆ ಬಾಗಿಲಿಲ್ಲ. ನಂಜುಂಡ ಬಲಗಡೆ ಹತ್ತಿ ಕೂತವನು ಇಳಿಯಲೇ ಇಲ್ಲ.

ಇಲ್ಲಿ ಓದುಗರಿಗೆ ಒಂದು ಬುದ್ಧಿಮಾತು: ಕೊಳ್ಳುವವನನ್ನು ಮಾಲಿನ ಹತ್ತಿರ ಬಿಡಬಾರದು. ಅವನ ಮುಖ ನೋಡಿದರೆ ಮಾರುವವನು ಒಂದು ಡಾಲರೂ ಇಳಿಸುವುದಿಲ್ಲ. ನಾನು ನಂಜುಂಡನನ್ನು ಕನ್ನಡದಲ್ಲಿ ಬೈದು ಇಳಿಸಿ ಮರದಡಿಗೆ ಕಳಿಸಿದೆ. ಆಮೇಲೆ ಜೀಪಿನ ಕೆಳಗೆ ಮಲಗಿ, ಏನೂ ಹೇಳದೆ ಹತ್ತು ನಿಮಿಷ ಇದ್ದೆ. ಮೌನಕ್ಕೆ ಬೆಲೆ ಇಳಿಸುವ ಶಕ್ತಿ ಮಾತಿಗಿಂತ ಹೆಚ್ಚು. ಎರಡು ಸಾವಿರದ ಇನ್ನೂರಕ್ಕೆ ಶುರುವಾದದ್ದು ಹದಿನಾರು ನೂರ ಐವತ್ತಕ್ಕೆ ನಿಂತಿತು. ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ಗ್ಯಾರೇಜಿನ ಮೂಲೆಯಲ್ಲಿ ಬಿಡಿಭಾಗಗಳ ಎರಡು ಪೆಟ್ಟಿಗೆ, ಒಂದು ಹೆಚ್ಚಿನ ಟೈರು, ಹಳೆಯ ಕಾರ್ಬ್ಯುರೇಟರ್ ಕಂಡವು. ಅವನ್ನೂ ಇದೇ ಬೆಲೆಗೆ ಸೇರಿಸಿ ಎಂದು ಹಟ ಹಿಡಿದೆ. ಕಾರ್ಲ್ ನನ್ನನ್ನೇ ನೋಡಿ, ನಕ್ಕು, ತಾವಾಗಿಯೇ ಇನ್ನೊಂದು ವಸ್ತು ತಂದರು. ಮಕ್ಕಳನ್ನು ಕೂರಿಸಿ ಬೆಲ್ಟು ಬಿಗಿಯುವ ಸೀಟು, ಮೊಮ್ಮಗಳದ್ದು. "ಮಗು ಬರುತ್ತಿದೆ ಅಂದಿರಲ್ಲ, ಇದು ನೀವು ಕೇಳದೆ ಸಿಗುವುದು," ಎಂದರು.

ಅಮೆರಿಕದಲ್ಲಿ ಈ ಸೀಟಿಲ್ಲದೆ ಚಿಕ್ಕ ಮಗುವನ್ನು ಗಾಡಿಯಲ್ಲಿ ಒಯ್ಯುವಂತಿಲ್ಲ. ನಂಜುಂಡ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗಿಡಲು ಹೋದ. ಒಳಗೆ ಜಾಗವಿರಲಿಲ್ಲ. ನನ್ನ ಪೆಟ್ಟಿಗೆ, ನನ್ನ ಟೈರು ತುಂಬಿದ್ದವು.

"ಟೈರ್ ಆಚೆ ಕಟ್ಟಿ, ಇದನ್ ಒಳಗಿಡಣ ಅಣ್ಣ."

"ಟೈರ್ ಭಾರ, ಹಗ್ಗ ತಡೆಯಲ್ಲ. ಇದು ಪ್ಲಾಸ್ಟಿಕ್ ಕಣೋ, ಹಗುರ. ನಾನು ಕಟ್ಟಿದ ಗಂಟು ಕಲಾಸಿಪಾಳ್ಯದ ಗಂಟು, ಲಾರಿಯವರೇ ಬಿಚ್ಚಕ್ಕಾಗಲ್ಲ," ಎಂದು ಜೀಪಿನ ಹಿಂಬದಿಗೆ ಹೊರಗೆ ತಗುಲಿಸಿದ್ದ ಸ್ಟೆಪ್ನಿ ಟೈರಿನ ಮೇಲೆ ಸೀಟನ್ನು ಕಟ್ಟಿದೆ.

ಹೊರಟಾಗ ಕಾರ್ಲ್ ಗೇಟಿನ ಬಳಿ ನಿಂತು ಕೈ ಎತ್ತಿದರು. ನಾವು ತಿರುವಿನಲ್ಲಿ ಮರೆಯಾಗುವವರೆಗೂ ಇಳಿಸಲಿಲ್ಲ. ನಮಗೆ ಎತ್ತಿದ ಕೈ ಎಂದುಕೊಂಡೆ. ಜೀಪಿಗೆ ಎತ್ತಿದ್ದು ಎಂದು ಈಗ ಅನ್ನಿಸುತ್ತದೆ.

ಹೊರಟದ್ದು ಒಂದು ಗಂಟೆಗೆ. ಪೆಟ್ರೋಲು ಗ್ಯಾಲನ್ನಿಗೆ ಒಂದು ಡಾಲರ್ ಎಂಟು ಸೆಂಟು. ಎಂಬತ್ತೈದನೇ ನಂಬರಿನ ಹೆದ್ದಾರಿಯಲ್ಲಿ ಈಶಾನ್ಯಕ್ಕೆ ನೇರ ದಾರಿ. ಗಂಟೆಗೆ ಐವತ್ತೈದು ಮೈಲಿ ದಾಟಿದರೆ ಕ್ಯಾನ್ವಾಸು ಪಟಪಟ ಬಡಿದು ಮಾತು ಕೇಳಿಸುತ್ತಿರಲಿಲ್ಲ. ನಂಜುಂಡ ಬಲಗಡೆ, ನಾನು ಎಡಗಡೆ. ಅಂದರೆ ಅಮೆರಿಕದ ಗಾಡಿಗಳಲ್ಲಿ ಡ್ರೈವರ್ ಕೂರುವ ಜಾಗದಲ್ಲಿ, ಮುಂದೆ ಸ್ಟೀರಿಂಗ್ ಇಲ್ಲದೆ, ಮಡಿಲಲ್ಲಿ ಚಪಾತಿ ಇಟ್ಟುಕೊಂಡು ನಾನು ಕೂತಿದ್ದೆ. ಪಕ್ಕದಲ್ಲಿ ಹಾದುಹೋಗುವ ಮಕ್ಕಳು ನನ್ನನ್ನು ನೋಡಿ ಬಾಯಿ ತೆರೆಯುತ್ತಿದ್ದವು.

ಜಾರ್ಜಿಯಾ ರಾಜ್ಯ ದಾಟಲು ಇನ್ನೂ ಮೂವತ್ತು ಮೈಲಿ ಇರುವಾಗ ಎದುರು ಬದಿಯಿಂದ ಒಂದು ಕಪ್ಪು ಜೀಪು ಬಂತು. ಅದರ ಡ್ರೈವರ್ ನಮ್ಮ ಕಡೆ ನೋಡಿ ಕೈ ಎತ್ತಿದ. ನಂಜುಂಡ ತಟ್ಟನೆ ವೇಗ ಇಳಿಸಿದ.

"ಯಾಕೋ?"

"ಮುಂದೆ ಚೆಕಿಂಗ್ ಅದೆ ಅಣ್ಣ."

ಅವನ ಅಪ್ಪನ ಕಾಲದ ಪದ್ಧತಿಯಂತೆ. ಹನ್ನೊಂದು ಜನ ಕೂರುವ ಜೀಪಿನಲ್ಲಿ ಇಪ್ಪತ್ತೆರಡು ಜನ. ಎದುರಿನಿಂದ ಬರುವ ಜೀಪಿನವನು ಕೈ ಎತ್ತಿದನೆಂದರೆ ಮುಂದೆ ತಪಾಸಣೆಯವರು ನಿಂತಿದ್ದಾರೆ ಎಂದರ್ಥ. ಕೂಡಲೇ ಹೆಚ್ಚಿನ ಜನರನ್ನು ಇಳಿಸಿ, ಅವರು ಹೊಲದ ಬದುವಿನ ಮೇಲೆ ನಡೆದು ತಪಾಸಣೆ ದಾಟಿದ ಮೇಲೆ ಮತ್ತೆ ಹತ್ತಿಸಿಕೊಳ್ಳುವುದು. ಎಂಟು ವರ್ಷದ ನಂಜುಂಡ ಎಷ್ಟೋ ಸಲ ಹಾಗೆ ಹೆಂಗಸರ ಜೊತೆ ಕೋಳಿ ಹಿಡಿದುಕೊಂಡು ಬದುವಿನ ಮೇಲೆ ನಡೆದಿದ್ದನಂತೆ.

ನಾನು ಕಾಗದಪತ್ರ ತಡಕಿದೆ. ನಮ್ಮ ಕೈಯಲ್ಲಿದ್ದದ್ದು ಮಾರಾಟದ ಚೀಟಿ ಮಾತ್ರ. ನಂಬರ್ ಪ್ಲೇಟಿನ ಜಾಗದಲ್ಲಿ ಒಂದು ರಟ್ಟು. ನಲವತ್ತೈದಕ್ಕೆ ಇಳಿಸಿ ಸಂಭಾವಿತರಂತೆ ಹತ್ತು ಮೈಲಿ ಹೋದೆವು. ಪೊಲೀಸರು ಕಾಣಲಿಲ್ಲ. ಮತ್ತೆ ವೇಗ ಹಿಡಿದಾಗ ಇನ್ನೊಂದು ಜೀಪು, ಇನ್ನೊಂದು ಕೈ. ಈ ಸಲ ಡ್ರೈವರ್ ಪಕ್ಕದ ಹೆಂಗಸೂ ಕೈ ಎತ್ತಿದಳು.

"ದೊಡ್ಡ ಚೆಕಿಂಗೇ ಇರ್ಬೇಕು," ಎಂದ ನಂಜುಂಡ.

ದಕ್ಷಿಣ ಕೆರೊಲಿನಾ ಹೊಕ್ಕು, ಮೂರನೇ ಕೈ ಕಂಡಾಗ ಸಲಹೆ ಕೊಟ್ಟವನು ನಾನು: "ಹೆದ್ದಾರಿ ಬಿಡು. ಪಕ್ಕದಲ್ಲೇ ಇಪ್ಪತ್ತೊಂಬತ್ತನೇ ನಂಬರಿನ ಹಳೇ ರೋಡು ಹೋಗುತ್ತೆ. ಅದ್ರಲ್ಲಿ ಯಾರೂ ಹಿಡಿಯಲ್ಲ." ನಂಜುಂಡ ಗಡಿಯಾರ ನೋಡಿಕೊಂಡ, ತಿರುಗಿಸಿದ. ಹಳೇ ರಸ್ತೆಯಲ್ಲಿ ಊರೂರಿಗೂ ಸಿಗ್ನಲ್ಲು. ಒಂದು ಕಡೆ ಚರ್ಚಿನ ಮದುವೆಯ ಮೆರವಣಿಗೆ, ಇನ್ನೊಂದು ಕಡೆ ಹುಲ್ಲಿನ ಕಂತೆ ತುಂಬಿದ ಟ್ರ್ಯಾಕ್ಟರ್. ಎರಡು ಗಂಟೆಯಲ್ಲಿ ಐವತ್ತು ಮೈಲಿ.

ಸಂಜೆ ಆರರ ಹೊತ್ತಿಗೆ ರಸ್ತೆ ಬದಿಯಲ್ಲಿ ಒಂದು ದೊಡ್ಡ ಹಂಡೆ, ಕೆಳಗೆ ಗ್ಯಾಸಿನ ಒಲೆ, ಮೇಲೆ ಹಬೆ. ವಾಸನೆ ಮೂಗಿಗೆ ಬಿದ್ದ ಕೂಡಲೇ ಇಬ್ಬರೂ ಒಟ್ಟಿಗೆ "ಬೇಯಿಸಿದ ಕಡಲೆಕಾಯಿ!" ಎಂದೆವು. ಉಪ್ಪು ಹಾಕಿ ಸಿಪ್ಪೆ ಸಮೇತ ಬೇಯಿಸಿದ ಹಸಿ ಕಡಲೆಕಾಯಿ ಅಮೆರಿಕದಲ್ಲಿ ಸಿಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಈ ಕಡೆ ಹೋಗುವವರು ಕೆರೊಲಿನಾದಲ್ಲಿ ಇದನ್ನು ತಪ್ಪಿಸಬಾರದು. ಮಾರುತ್ತಿದ್ದ ಅಜ್ಜಿ, ದಪ್ಪ ಮೈಯವರು, ಹುಲ್ಲಿನ ಟೋಪಿ. ಚೀಲಕ್ಕೆ ಎರಡು ಡಾಲರ್ ಎಂದರು. ಮೂರು ಚೀಲ ಐದು ಡಾಲರಿಗೆ ಕೊಡಿ ಎಂದೆ. ಕೊಟ್ಟರು. ನಂಜುಂಡ ಕಡಲೆಕಾಯಿ ಬಿಡಿಸುತ್ತ, ಮುಂದೆ ಪೊಲೀಸರು ಎಷ್ಟು ದೂರದಲ್ಲಿದ್ದಾರೆ ಎಂದು ಕೇಳಿದ. ಯಾವ ಪೊಲೀಸರು ಎಂದರು ಅಜ್ಜಿ. ಎದುರಿನಿಂದ ಬಂದ ಜೀಪಿನವರೆಲ್ಲ ಕೈ ತೋರಿಸಿದ್ದನ್ನು ಅವನು ವಿವರಿಸಿದ.

ಅಜ್ಜಿ ಮೊದಲು ನಮ್ಮನ್ನು ನೋಡಿದರು. ಆಮೇಲೆ ಜೀಪನ್ನು ನೋಡಿದರು. ಆಮೇಲೆ ಸೌಟು ಹಂಡೆಯ ಮೇಲಿಟ್ಟು, ಮೇಜು ಹಿಡಿದುಕೊಂಡು ನಗಲು ಶುರು ಮಾಡಿದರು.

"ಪೊಲೀಸೂ ಇಲ್ಲ, ಏನೂ ಇಲ್ಲ. ಜೀಪಿನವರು ಜೀಪಿನವರಿಗೆ ಕೈ ಎತ್ತುತ್ತಾರೆ ಅಷ್ಟೆ. ಗುರುತು ಬೇಕಿಲ್ಲ. ನೀವು ಎತ್ತಲಿಲ್ಲವಾ?"

"ಇಲ್ಲ," ಎಂದೆ.

"ಅಯ್ಯೋ, ಪಾಪ! ಅವರೆಲ್ಲ ನೀವು ಎಂಥ ಜಂಬದವರು ಅಂದುಕೊಂಡಿರುತ್ತಾರೆ."

"ಯಾಕೆ ಎತ್ತುತ್ತಾರೆ? ಏನು ಲಾಭ?"

"ಲಾಭವಾ?" ಅಜ್ಜಿ ಕಣ್ಣೊರೆಸಿಕೊಂಡರು. "ಹಿಂದೆ ನನ್ನ ಗಂಡನ ಜೀಪಿದೆ, ಹೋಗಿ ನೋಡಿ. ಓಡುವುದಿಲ್ಲ. ಆದರೂ ರಸ್ತೆಯಿಂದ ಕಂಡವರು ಅದಕ್ಕೂ ಕೈ ಎತ್ತಿ ಹೋಗುತ್ತಾರೆ. ಲಾಭ ಏನು ಅಂತ ನೀವೇ ಹೇಳಿ."

ಹಂಡೆಯ ಹಿಂದೆ ಚಕ್ರವಿಲ್ಲದ ಒಂದು ಜೀಪು ಹುಲ್ಲಿನಲ್ಲಿ ಕೂತಿತ್ತು. ಅದರ ಬಾನೆಟ್ಟಿನ ಮೇಲೆ ಕುಂಬಳದ ಬಳ್ಳಿ. ನಂಜುಂಡ ಬಳ್ಳಿ ಸರಿಸಿ ಬಾನೆಟ್ಟು ಮುಟ್ಟಿದ.

"ಮರ್ತೇ ಹೋಗಿತ್ತು ಅಣ್ಣ. ನಮ್ಮಪ್ಪ ಎರಡು ಥರ ಎತ್ತೋನು. ಅಂಗೈ ಕೆಳಗ್ ಮಾಡಿ ತಟ್ಟಿದ್ರೆ ಚೆಕಿಂಗು. ಬರೀ ಎತ್ತಿದ್ರೆ ಏನೂ ಇಲ್ಲ, ಸುಮ್ನೆ. ಊಟ ಆಯ್ತಾ ಅನ್ನೋ ಹಂಗೆ. ನಾನು ಚೆಕಿಂಗಿಂದು ಒಂದೇ ನೆನ್ಪಿಟ್ಕೊಂಡಿದೀನಿ ನೋಡು."

ಆ ರಾತ್ರಿ ಗ್ರೀನ್ಸ್‌ಬರೋ ಮುಟ್ಟಲಾಗಲಿಲ್ಲ. ಗ್ಯಾಫ್ನಿ ಎಂಬ ಊರಿನಲ್ಲಿ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕಿದೆ. ಅದರ ಹತ್ತಿರ ಗುಜರಾತಿಯೊಬ್ಬರ ಮೋಟೆಲಿನಲ್ಲಿ ಇಪ್ಪತ್ತೆಂಟು ಡಾಲರಿನ ಕೋಣೆಯನ್ನು ಹಿಂದಿಯಲ್ಲಿ ಮಾತಾಡಿ ಇಪ್ಪತ್ತಮೂರಕ್ಕೆ ಪಡೆದೆ, ಬೆಳಗಿನ ಚಹಾ ಸೇರಿ. ಆದರೆ ಡಲ್ಲೆಸ್‌ಗೆ ಇನ್ನೂ ನಾನೂರ ಐವತ್ತು ಮೈಲಿ ಉಳಿದಿತ್ತು. ನಂಜುಂಡ ಐದಕ್ಕೆ ಎಬ್ಬಿಸಲು ಹೇಳಿ ಮಲಗಿದ.

ಭಾನುವಾರ ಐದೂವರೆಗೆ ಹೊರಟೆವು. ಹೆದ್ದಾರಿಯಲ್ಲಿ ಮಂಜು, ಎಡಕ್ಕೆ ಪೀಚ್ ತೋಟಗಳ ಸಾಲು. ಹಾಗೇ ಹೋದರೆ ಎರಡು, ಎರಡೂಕಾಲಿಗೆ ಡಲ್ಲೆಸ್. ಇನ್ನೂ ಆಗುತ್ತಿತ್ತು. ಬೆಳಗಾದಂತೆ ಜೀಪುಗಳು ಬರತೊಡಗಿದವು. ಅಮೆರಿಕದಲ್ಲಿ ಎದುರಿನ ಗಾಡಿ ನಮ್ಮ ಎಡಬದಿಯಲ್ಲಿ ಹಾಯುತ್ತದೆ. ನಂಜುಂಡ ಬಲಗಡೆ ಇದ್ದುದರಿಂದ ಎದುರಿನವರ ಕಣ್ಣಿಗೆ ಬೀಳುತ್ತಿದ್ದವನು ನಾನು. ಹೀಗಾಗಿ ಕೈ ಎತ್ತುವ ಕೆಲಸ ನನ್ನದಾಯಿತು. ಮೊದಮೊದಲು ನಾಚಿಕೆಯಾಯಿತು. ಚಾರ್ಲಟ್ ದಾಟುವ ಹೊತ್ತಿಗೆ ದೂರದಿಂದಲೇ ಜೀಪಿನ ಮೂತಿ ಗುರುತಿಸಿ, ಅವರಿಗಿಂತ ಮೊದಲು ಎತ್ತುತ್ತಿದ್ದೆ. ನಿನ್ನೆ ಎತ್ತದೆ ಉಳಿದದ್ದನ್ನೂ ಸೇರಿಸಿ ತೀರಿಸುವವನಂತೆ ಎರಡೂ ಕೈ ಎತ್ತುತ್ತಿದ್ದೆ. ಡ್ರೈವರೇ ಸ್ಟೀರಿಂಗ್ ಬಿಟ್ಟು ಎರಡೂ ಕೈ ಎತ್ತಿದ್ದಾನೆಂದುಕೊಂಡು ಒಬ್ಬ ಮುದುಕ ತನ್ನ ಟೋಪಿಯನ್ನೇ ತೆಗೆದ.

"ಅಣ್ಣ, ಅವ್ನಿಗೆ ಹಾರ್ಟ್ ಅಟ್ಯಾಕ್ ಆಗುತ್ತೆ, ಒಂದ್ ಕೈ ಸಾಕು," ಎಂದು ನಂಜುಂಡ ನಕ್ಕ. ಎರಡು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು. ಆಮೇಲೆ ಹಾಡು ಗುನುಗಿದ. ಮಗಳು ಮಳೆ ಹನಿಯನ್ನು 'ಹಲಿ' ಅನ್ನುತ್ತಾಳಂತೆ, ಭಾಗ್ಯ ಪತ್ರದಲ್ಲಿ ಬರೆದಿದ್ದಳಂತೆ, ಅದನ್ನು ಹೇಳಿದ.

ನಾನು ಇಪ್ಪತ್ತು ವರ್ಷ ಅಂಗಡಿಯಲ್ಲಿ ನಿಂತವನು. ಒಬ್ಬ ಮನುಷ್ಯ ನನ್ನ ಕಡೆ ನೋಡಿ ನಕ್ಕರೆ ಅವನಿಗೆ ಏನು ಬೇಕು ಎಂದು ಮೊದಲು ಯೋಚಿಸುತ್ತೇನೆ. ಆ ಬೆಳಗ್ಗೆ ಸುಮಾರು ಮೂವತ್ತು ಜನ ನನಗೆ ಕೈ ಎತ್ತಿದರು. ಒಬ್ಬರಿಗೂ ಏನೂ ಬೇಕಿರಲಿಲ್ಲ. ಆ ಮೇಲೆ ನಾನು ಓಡಿಸಿದ ಒಳ್ಳೊಳ್ಳೆಯ ಕಾರುಗಳಿಗೆ ಯಾರೂ ಕೈ ಎತ್ತಿಲ್ಲ. ಇವತ್ತಿಗೂ ದಾರಿಯಲ್ಲಿ ಜೀಪು ಕಂಡರೆ ನನ್ನ ಎಡಗೈ ತಾನಾಗಿ ಕಿಟಕಿಯವರೆಗೆ ಹೋಗಿ, ನಾನು ಈಗ ಜೀಪಿನವನಲ್ಲ ಎಂದು ನೆನಪಾಗಿ ಕೆಳಗಿಳಿಯುತ್ತದೆ.

ಡರಮ್ ಎಂಬ ಊರು ದಾಟಿ ಒಂದು ತಾಸು ಕಳೆದಿತ್ತು. ವರ್ಜೀನಿಯಾದ ಗಡಿ ಹತ್ತಿರ. ಎದುರಿನಿಂದ ಒಂದು ಕೆಂಪು ಜೀಪು ಬಂತು. ಗಡ್ಡದ ಮನುಷ್ಯನೊಬ್ಬ ಕೈ ಹೊರಗೆ ಹಾಕಿ ಜೋರಾಗಿ ಬೀಸಿದ. ನಾನೂ ಬೀಸಿದೆ. ಅವನು ಹಾರ್ನ್ ಹೊಡೆದ, ಹಿಂದಕ್ಕೆ ತೋರಿಸಿದ, ಮತ್ತೆ ಬೀಸಿದ. "ಎಂಥ ಪ್ರೀತಿ ನೋಡೋ ಇವನದು!" ಎಂದು ನಾನು ಎರಡೂ ಕೈ ಎತ್ತಿ ಅಲ್ಲಾಡಿಸಿದೆ.

ಇಪ್ಪತ್ತು ಮೈಲಿಯ ನಂತರ ಸೌತ್ ಹಿಲ್ ಎಂಬಲ್ಲಿ ಪೆಟ್ರೋಲಿಗೆ ನಿಂತಾಗ ಹನ್ನೊಂದು ಗಂಟೆ. ನಾನು ದುಡ್ಡು ಕೊಟ್ಟು ಬಂದೆ. ನಂಜುಂಡ ಜೀಪಿನ ಹಿಂದೆ ನಿಂತಿದ್ದ. ಟೈರಿನ ಮೇಲೆ ನನ್ನ ಕಲಾಸಿಪಾಳ್ಯದ ಗಂಟು ಹಾಗೇ ಇತ್ತು. ಗಂಟಿನ ಆಚೆ ಹಗ್ಗ ಸವೆದು ತುಂಡಾಗಿತ್ತು. ಮಗುವಿನ ಸೀಟು ಇರಲಿಲ್ಲ.

ನನಗೆ ಆ ಗಡ್ಡದವನ ಕೈ ಆಗ ಅರ್ಥವಾಯಿತು.

"ನಂಜುಂಡ, ಮನೆ ಹತ್ತಿರ ಹೊಸದು ತಗೊಳೋಣ. ಇವತ್ತೊಂದ್ ದಿನ ಭಾಗ್ಯ ಮಡಿಲಲ್ಲಿ ಕೂರಿಸ್ಕೊಳ್ಳಲಿ. ವಾಪಸ್ ಹೋದ್ರೆ ಟೈಮಿಗೆ ಸೇರಲ್ಲ," ಎಂದೆ.

"ಬಾಗಿಲಿಲ್ಲದ್ ಗಾಡೀಲಿ, ಮಡಿಲಲ್ಲಿ?" ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಅಣ್ಣ, ನೀನ್ ಹೇಳ್ದಂಗೆ ನಿನ್ನೆಯಿಂದ ಕೇಳ್ಕೊಂಡ್ ಬಂದೆ. ಪೆಟ್ಟಿಗೆ ಒಳಗೆ, ಸೀಟ್ ಆಚೆ ಅಂತ ನೀನಂದೆ, ನಾನು ಹೂಂ ಅಂದೆ. ಹೈವೇ ಬಿಡು ಅಂತ ನೀನಂದೆ, ನಾನು ಬಿಟ್ಟೆ. ಈ ಕಬ್ಬಿಣ ಎಲ್ಲ ಯಾರಿಗೆ ಬೇಕಾಗಿತ್ತು ಹೇಳು?"

ಅವನು ವಾಪಸ್ ಹೋಗಲೆಂದು ಜೀಪು ಹತ್ತಿದ. ಚಾಲು ಮಾಡುವಷ್ಟರಲ್ಲಿ ಹಾರ್ನಿನ ಸದ್ದು. ಕೆಂಪು ಜೀಪು ಪೆಟ್ರೋಲ್ ಬಂಕಿನೊಳಗೆ ತಿರುಗುತ್ತಿತ್ತು. ಅದರ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು ಕಾರ್ಲ್ ಅವರ ಮೊಮ್ಮಗಳ ಸೀಟು ಕೂತಿತ್ತು.

ಗಡ್ಡದವನು ಇಳಿದು ಬಂದ. ನಮ್ಮ ಹಗ್ಗ ನೇತಾಡುವುದನ್ನು ಕಂಡು ಎಚ್ಚರಿಸಿದ್ದನಂತೆ. ಮುಂದಿನ ತಿರುವಿನಲ್ಲಿ ಹೊರಳಿ ಬಂದು, ಹುಲ್ಲಿನಲ್ಲಿ ಬಿದ್ದಿದ್ದ ಸೀಟನ್ನು ಎತ್ತಿಕೊಂಡು ನಮ್ಮ ಬೆನ್ನು ಹತ್ತಿದ್ದನಂತೆ. "ನಾನು ಅಷ್ಟು ಬಡಿದುಕೊಂಡರೂ ನೀವು ಎರಡೂ ಕೈ ಎತ್ತಿ ನಗುತ್ತಿದ್ದಿರಿ," ಎಂದು ನನ್ನನ್ನು ನೋಡಿದ. "ಅದಕ್ಕಿಂತ ಮೊದಲು, ನಿಮ್ಮ ಮುಂದೆ ಸ್ಟೀರಿಂಗ್ ಇಲ್ಲದ್ದು ಕಂಡು ಅರ್ಧ ನಿಮಿಷ ನನ್ನ ಜೀವವೇ ಹೋಗಿತ್ತು."

ಸೀಟಿನ ಒಂದು ಅಂಚು ತರಚಿತ್ತು. ನಂಜುಂಡ ಬೆಲ್ಟು, ಗುಂಡಿ, ಬೆನ್ನಿನ ಕಡೆ ಎಲ್ಲ ಒತ್ತಿ ಒತ್ತಿ ನೋಡಿದ, ಬಿರುಕು ಎಲ್ಲೂ ಇರಲಿಲ್ಲ. ನಾನು ಇಪ್ಪತ್ತು ಡಾಲರ್ ಚಾಚಿದೆ. ಗಡ್ಡದವನು ಕೈ ಹಿಂದಕ್ಕೆ ತೆಗೆದುಕೊಂಡ. ಆದರೆ ನಮ್ಮ ಜೀಪಿನೊಳಗೆ ಬಗ್ಗಿ ನೋಡಿ, "ಈ ಕಾರ್ಬ್ಯುರೇಟರ್ ಎಲ್ಲಿ ಸಿಕ್ಕಿತು? ಒಂದು ವರ್ಷದಿಂದ ಹುಡುಕುತ್ತಿದ್ದೇನೆ," ಎಂದ. ನನ್ನ ಬಾಯಿಗೆ ಅಭ್ಯಾಸಬಲದಿಂದ ಒಂದು ಬೆಲೆ ಬಂದಿತ್ತು. ಅದನ್ನು ನುಂಗಿಕೊಂಡು, ಕಾರ್ಬ್ಯುರೇಟರನ್ನೂ ಎರಡು ಪೆಟ್ಟಿಗೆಯನ್ನೂ ಟೈರನ್ನೂ ಎತ್ತಿ ಅವನ ಜೀಪಿನಲ್ಲಿಟ್ಟೆ. ಮೇಲೆ ಒಂದು ಚೀಲ ಕಡಲೆಕಾಯಿ. ಬೆಲೆ ಹೇಳದೆ ನಾನು ಮಾಲು ಕೊಟ್ಟದ್ದು ಅದೇ ಮೊದಲು. ನಂಜುಂಡ ಖಾಲಿಯಾದ ಹಿಂದಿನ ಸೀಟಿನ ಮೇಲೆ ಮಗುವಿನ ಸೀಟಿಟ್ಟು, ಬೆಲ್ಟು ಬಿಗಿದು, ಎರಡು ಸಲ ಎಳೆದು ನೋಡಿದ.

ಹನ್ನೊಂದೂವರೆ. ರಿಚ್ಮಂಡ್ ತನಕ ದಾರಿ ಬಿಚ್ಚಿಕೊಂಡಿತ್ತು. ಆಮೇಲೆ ತೊಂಬತ್ತೈದನೇ ಹೆದ್ದಾರಿಯಲ್ಲಿ ಫ್ರೆಡರಿಕ್ಸ್‌ಬರ್ಗ್ ಬಳಿ, ಭಾನುವಾರ ಮಧ್ಯಾಹ್ನ ಸಮುದ್ರ ತೀರದಿಂದ ವಾಷಿಂಗ್ಟನ್ನಿಗೆ ಮರಳುವವರ ಸಾಲು. ಎರಡೂವರೆಗೆ ನಮ್ಮ ತಲೆಯ ಮೇಲೆ ಒಂದು ವಿಮಾನ ಉತ್ತರಕ್ಕೆ ಹೋಯಿತು. ನಂಜುಂಡ ಅದನ್ನು ನೋಡಿದ. ಅದು ಅವರದಾಗಿರಲಿಕ್ಕಿಲ್ಲ. ಆ ಸಾಲಿನಲ್ಲಿ ಪಕ್ಕದಲ್ಲೇ ನಿಂತ ಒಂದು ಜೀಪಿನವರು ಕೈ ಎತ್ತಿದರು. ನಾನು ಒಂದು ಕೈ ಎತ್ತಿದೆ, ಬೇಗ ಇಳಿಸಿದೆ.

ನಾವು ಡಲ್ಲೆಸ್ ನಿಲ್ದಾಣದೊಳಗೆ ಓಡಿದಾಗ ನಾಲ್ಕೂಕಾಲು. ಬಾಗಿಲಿನ ಬಳಿ ಹೂಗುಚ್ಛ ಹಿಡಿದವರು, ಬಲೂನು ಹಿಡಿದವರು ಬೇರೆ ವಿಮಾನಕ್ಕೆ ಕಾಯುತ್ತಿದ್ದರು. ಒಂದು ಕಂಬದ ಪಕ್ಕ ಎರಡು ಸೂಟ್‌ಕೇಸು, ಅವುಗಳ ಮೇಲೆ ಹಳದಿ ಫ್ರಾಕಿನ ಮಗು, ಪಕ್ಕದಲ್ಲಿ ಭಾಗ್ಯ. ನಂಜುಂಡನನ್ನು ಕಂಡು ಅವಳ ಮುಖ ಒಂದು ಗಳಿಗೆ ಅರಳಿತು, ಮತ್ತೆ ಬಿಗಿಯಿತು.

"ಮುಕ್ಕಾಲ್ ಗಂಟೆ ಆಯ್ತು ರೀ ಆಚೆ ಬಂದು. ಇವ್ಳು ಬಂದೋರ್ನೆಲ್ಲಾ ತೋರ್ಸಿ, ಇವ್ರಾ ಅಮ್ಮ, ಇವ್ರಾ ಅಮ್ಮ ಅಂತ ಕೇಳ್ತಿದ್ಲು. ಈಗ ಕೇಳೋದ್ನೇ ಬಿಟ್ಟಿದಾಳೆ."

ನಂಜುಂಡ ಮಂಡಿಯೂರಿ ಕೂತ. ಧೂಳು, ಎರಡು ದಿನದ ಗಡ್ಡ. ಫೋಟೋದ ಮುಖ ಅದಾಗಿರಲಿಲ್ಲ. ಮಗು ಸರಿದು ಅಮ್ಮನ ಸೀರೆಯ ಹಿಂದೆ ಹೋಯಿತು.

"ತಪ್ಪು ನಂದಮ್ಮ," ಎಂದೆ ನಾನು.

"ನೀವ್ ಯಾರು?" ಎಂದಳು ಭಾಗ್ಯ.

ಹೊರಗೆ ಜೀಪು ಕಂಡು ಅವಳು ಮತ್ತೆ ನಿಂತಳು. "ಇದೇನ್ ರೀ, ಮಾವನ್ ಗಾಡಿ ಇಲ್ಲಿಗೂ ಬಂತಾ?" ಆದರೂ ಎಡಗಡೆ ಮುಂದೆ ಹತ್ತಿ ಕೂತಳು. ನಂಜುಂಡ ಮಗುವನ್ನು ಸೀಟಿನಲ್ಲಿ ಕೂರಿಸಲು ಕೈ ಚಾಚಿದ. ಬರಲಿಲ್ಲ. ಭಾಗ್ಯಳೇ ಇಳಿದು ಕೂರಿಸಿ, ಬೆಲ್ಟು ಹಾಕಬೇಕಾಯಿತು. ಮಗು ಎಡಬದಿಗೆ, ನಾನು ಅದರ ಪಕ್ಕ, ಕಾಲ ಮೇಲೆ ಎರಡೂ ಸೂಟ್‌ಕೇಸು.

ಹರ್ನ್‌ಡನ್‌ಗೆ ಅಲ್ಲಿಂದ ಹತ್ತು ನಿಮಿಷ. ಎದುರಿನಿಂದ ಒಂದು ನೀಲಿ ಜೀಪು ಬಂತು, ಒಳಗಿನವನು ಕೈ ಎತ್ತಿದ. ಭಾಗ್ಯ ಹೊರಗೆ ನೋಡುತ್ತಿರಲಿಲ್ಲ. ನಂಜುಂಡನ ಎರಡೂ ಕೈ ಸ್ಟೀರಿಂಗಿಗೆ ಅಂಟಿಕೊಂಡಿದ್ದವು.

"ಅವ್ರು ಯಾರು?" ಎಂದು ಮಗು ನನ್ನನ್ನು ಕೇಳಿತು.

ಹೇಳುವುದಕ್ಕೆ ನನ್ನಲ್ಲಿ ಎರಡು ದಿನದ ಸರಕಿತ್ತು. ಬುದ್ಧಿ ಹೇಳುವ ಚಟವನ್ನು ಆ ಒಂದು ಸಲ ಹಿಡಿದಿಟ್ಟೆ. "ನಂಗೊತ್ತಿಲ್ಲ ಪುಟ್ಟಿ. ಗಾಡಿ ಓಡಿಸ್ತಾ ಇದಾರಲ್ಲ, ಅವ್ರಿಗ್ ಗೊತ್ತು."

ಮಗು ಅವನ ಬೆನ್ನು ನೋಡಿತು, ಕೇಳಲಿಲ್ಲ.

ಕೆಂಪು ಸಿಗ್ನಲ್ಲಿಗೆ ನಾವು ನಿಂತಾಗ ಅಡ್ಡರಸ್ತೆಯಿಂದ ಇನ್ನೊಂದು ಜೀಪು ನಮ್ಮ ಕಡೆ ತಿರುಗಿತು. ಬಿಳಿ ಕೂದಲಿನ ಹೆಂಗಸು ನಗುತ್ತ ಕೈ ಎತ್ತಿದಳು. ನನ್ನ ಪಕ್ಕದಿಂದ ಒಂದು ಸಣ್ಣ ಕೈ ಬೆಲ್ಟಿನೊಳಗಿಂದ ಬಿಡಿಸಿಕೊಂಡು ಮೇಲಕ್ಕೆ ಹೋಯಿತು. ಆ ಹೆಂಗಸು ಕಂಡಳು. ಹಾರ್ನ್ ಹೊಡೆದಳು. ಮಗು ಇನ್ನೂ ಎತ್ತರಕ್ಕೆ ಎತ್ತಿತು. ಆಮೇಲೆ ಮುಂದಿನ ಸೀಟಿನ ಬೆನ್ನಿಗೆ ಒದ್ದು ಹೇಳಿತು:

"ಅಪ್ಪಾ, ನೀನೂ ಎತ್ತು."

ನಂಜುಂಡ ಕೈ ಎತ್ತಿದ. ಅವನು ಕೂತಿದ್ದು ಬಲಗಡೆ. ಕೈ ಹೋದದ್ದೂ ಬಲಗಡೆಗೆ, ಹುಲ್ಲು ಮತ್ತು ಚರಂಡಿಯ ಕಡೆಗೆ. ಅಷ್ಟರಲ್ಲಿ ಆ ಜೀಪು ಹೋಗಿಯೂ ಆಗಿತ್ತು. ಅವನು ಇಳಿಸಲಿಲ್ಲ. ಸಿಗ್ನಲ್ಲು ಹಸಿರಾಗಿ, ಹಿಂದಿನವರು ಹಾರ್ನ್ ಹೊಡೆದರೂ ಇಳಿಸಲಿಲ್ಲ. "ರೀ, ಗೇರ್ ಹಾಕಿ," ಎಂದು ಭಾಗ್ಯ ಹೇಳಿದಳು. ಅವಳ ದನಿ ಸ್ವಲ್ಪ ಮೆತ್ತಗಾಗಿತ್ತು.

ನಾನು ನನ್ನ ಮನೆಯ ಮುಂದೆ ಇಳಿದೆ. ಉಳಿದ ಕಡಲೆಕಾಯಿ ಚೀಲವನ್ನು ಭಾಗ್ಯಳ ಕೈಗೆ ಕೊಟ್ಟೆ. ಅವರಿಗೆ ನದಿ ದಾಟಿ ಜರ್ಮನ್‌ಟೌನ್ ತನಕ ಇನ್ನೂ ಒಂದು ಗಂಟೆಯ ದಾರಿ. ಜೀಪು ಹೊರಟಾಗ ಕೈ ಎತ್ತಿದೆ. ಒಂದೇ ಕೈ. ನನ್ನ ಕೆಳಗೆ ಜೀಪಿರಲಿಲ್ಲ, ಯಾವ ಗಾಡಿಯೂ ಇರಲಿಲ್ಲ, ಚಪ್ಪಲಿಯಲ್ಲಿ ಫುಟ್‌ಪಾತಿನ ಮೇಲೆ ನಿಂತಿದ್ದೆ. ಆದರೂ ಹಿಂದಿನ ಪ್ಲಾಸ್ಟಿಕ್ ಕಿಟಕಿಯಲ್ಲಿ, ತರಚಿದ ಸೀಟಿನ ಅಂಚಿನ ಮೇಲಿಂದ, ಒಂದು ಪುಟ್ಟ ಅಂಗೈ ಎದ್ದು, ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಹಾಗೇ ಇತ್ತು.